ಸ್ಪರ್ಶ 9.57, ಮೋಕ್ಷ 1.26

2025ರ ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಪಾಂಡವಪುರದ ಬಳಿಯ ಅಕ್ಕನ ಊರಿಗೆ ಹೋಗಿದ್ದೆ. ಊಟವಾದ ಮೇಲೆ ಭಾವ ಒಂದು ಹಾಳೆಯನ್ನು ನನ್ನ ಕೈಗಿತ್ತರು. ಅವರು ಅಲ್ಲಿನ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು. ಸೆಪ್ಟೆಂಬರ್ 7ರ ಭಾನುವಾರ ರಾತ್ರಿಯ ಪೂರ್ಣ ಚಂದ್ರಗ್ರಹಣದ ವೇಳೆಗಳನ್ನು ಪತ್ರಿಕೆಯಿಂದ ಬರೆದುಕೊಂಡಿದ್ದರು.

“2023ರಲ್ಲಿಯೂ ಹೀಗೆಯೇ ಕಪ್ಪು ಹಲಗೆಯ ಮೇಲೆ ಬರೆಸಿದ್ದೆ. ಅಕ್ಟೋಬರ್ 28, ರಾತ್ರಿ 1.05 ಎಂದು. ಮಕ್ಕಳೆಲ್ಲ ಬರೆದುಕೊಂಡರು. ನೋಡಿದವರು ಮಾತ್ರ ನಾಲ್ಕೈದು ಜನ. ಉಳಿದವರಲ್ಲಿ ಕೆಲವರು ಹಿಂದಿನ ರಾತ್ರಿಯೇ ಎದ್ದು ಕುಳಿತಿದ್ದರಂತೆ” ಎಂದರು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ತಪ್ಪು ಮಕ್ಕಳದಲ್ಲ. ನಮ್ಮ ಮನೆಗಳಲ್ಲಿ ದಿನ ಹುಟ್ಟುವುದು ಸೂರ್ಯೋದಯಕ್ಕೆ. ರಾತ್ರಿ ಒಂದು ಗಂಟೆಯೆಂದರೆ ಅದು ಹಿಂದಿನ ಹಗಲಿನ ಬಾಲ. ಕ್ಯಾಲೆಂಡರಿನ ದಿನವಾದರೋ ನಡುರಾತ್ರಿಗೇ ತಿರುಗಿಬಿಡುತ್ತದೆ. 28ರ ರಾತ್ರಿ 1.05 ಎಂದರೆ ಕ್ಯಾಲೆಂಡರಿಗೆ 29ನೆಯ ತಾರೀಖು. ಅದನ್ನು 28ನೆಯ ತಾರೀಖಿನ ಮೊದಲ ಗಂಟೆಗಳೆಂದು ಓದಿದ ಮಗುವೂ ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಇತ್ತು. ಹಲಗೆಯ ಮೇಲಿನ ಅಂಕಿ ಆಕಾಶದ ಯಾವ ಚಿತ್ರಕ್ಕೂ ಅಂಟಿಕೊಂಡಿರಲಿಲ್ಲ, ಅಷ್ಟೇ. ಆ ಎರಡನ್ನೂ ಒಂದೇ ಪರದೆಯ ಮೇಲೆ ತರಬೇಕು, ಚಂದ್ರನ ಮೇಲೆ ನೆರಳು ಸರಿಯುತ್ತಿದ್ದಂತೆ ಪಕ್ಕದಲ್ಲಿ ಆಯಾ ಅವಧಿಯ ಹೆಸರು ಮತ್ತು ವೇಳೆ ಬೆಳಗಬೇಕು ಎಂದು ಮೈಸೂರಿಗೆ ಮರಳುವ ರೈಲಿನಲ್ಲಿಯೇ ನಿರ್ಧರಿಸಿದೆ. ಕೈಯಲ್ಲಿ ಹತ್ತು ದಿನಗಳಿದ್ದವು.

ನಾನು ಲೆಕ್ಕಪತ್ರದ ಕೆಲಸದವನು. ಸರಸ್ವತಿಪುರಂನ ನಮ್ಮ ಮನೆಯ ಗಣಕದಲ್ಲಿ ಸ್ಟೆಲೇರಿಯಮ್ ಎಂಬ ತಂತ್ರಾಂಶ ವರ್ಷಗಳಿಂದ ಇದೆ. ಫ್ರಾನ್ಸ್‌ನ ಫಾಬಿಯನ್ ಷೆರೋ ಅವರು ಆರಂಭಿಸಿದ, ಯಾರು ಬೇಕಾದರೂ ಹಣ ಕೊಡದೆ ಬಳಸಬಹುದಾದ ಆಕಾಶದರ್ಶನದ ತಂತ್ರಾಂಶ ಅದು. ಮೌಸ್ ಹಿಡಿದು ನಕ್ಷತ್ರ ಹುಡುಕುವುದಷ್ಟೇ ನನಗೆ ಗೊತ್ತಿತ್ತು. ಎಫ್ 12 ಒತ್ತಿದರೆ ಒಂದು ಬರೆಯುವ ಕಿಟಕಿ ತೆರೆಯುತ್ತದೆ, ಅಲ್ಲಿ ಬರೆದ ಆದೇಶಗಳನ್ನು ತಂತ್ರಾಂಶ ಸಾಲುಸಾಲಾಗಿ ಪಾಲಿಸುತ್ತದೆ ಎಂಬುದನ್ನು ಆ ವಾರ ಕಲಿತೆ. ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು. ದೊಡ್ಡ ಅಕ್ಷರ ಇರಬೇಕಾದಲ್ಲಿ ಚಿಕ್ಕದು ಬಿದ್ದರೆ ಆ ಹೆಸರನ್ನು ಅದು ಗುರುತಿಸುವುದಿಲ್ಲ.

ಮೊದಲು ಬರೆದದ್ದು ದಿನಾಂಕ ಕೂರಿಸುವ ಆದೇಶ, ಸೆಟ್‌ಡೇಟ್. ಆವರಣದಲ್ಲಿ 2025-09-07 ಎಂದು ಬರೆದು, ಮುಂದೆ 21:57 ಎಂದು ಸೇರಿಸಿ ಓಡಿಸಿದೆ. ಭೂಮಿಯ ದಟ್ಟ ನೆರಳು ಚಂದ್ರನ ಅಂಚನ್ನು ಮುಟ್ಟುವ ಕ್ಷಣ ಅದು. ಪರದೆಯ ಮೇಲೆ ಬಂದದ್ದು ಕಲೆಯಿಲ್ಲದ ಹುಣ್ಣಿಮೆಯ ಚಂದ್ರ, ಅದೂ ಪಶ್ಚಿಮಕ್ಕೆ ಇಳಿಯುತ್ತಿದ್ದ ಚಂದ್ರ. ಕೆಳಗಿನ ಗಡಿಯಾರ ಬೆಳಗಿನ ಜಾವ 3 ಗಂಟೆ 27 ನಿಮಿಷ ಎನ್ನುತ್ತಿತ್ತು. ಸ್ವಲ್ಪ ಹೊತ್ತು ಕುಳಿತು ಯೋಚಿಸಿದ ಮೇಲೆ ಹೊಳೆಯಿತು: ರಾತ್ರಿ 9.57ರಿಂದ ಬೆಳಗಿನ ಜಾವ 3.27ಕ್ಕೆ ಇರುವ ಅಂತರ ಐದೂವರೆ ಗಂಟೆ. ಯಾವ ಊರಿನ ಸಮಯವೆಂದು ನಾವು ಹೇಳದಿದ್ದರೆ ಈ ಆದೇಶ ಕೊಟ್ಟ ಅಂಕಿಯನ್ನು ಜಾಗತಿಕ ಸಮಯವೆಂದು, ಅಂದರೆ ಯುಟಿಸಿ ಎಂದು ತೆಗೆದುಕೊಳ್ಳುತ್ತದೆ. ಸ್ಥಳೀಯ ಸಮಯ ಬೇಕಿದ್ದರೆ ಅಲ್ಪವಿರಾಮ ಹಾಕಿ ‘ಲೋಕಲ್’ ಎಂದು ಸೇರಿಸಬೇಕು. ಸೇರಿಸಿದೆ. ಚಂದ್ರ ಪೂರ್ವದ ಕಡೆಗೆ ಹಾರಿ ಬಂದು ನಿಂತ. ಎಡ ಅಂಚಿನಲ್ಲಿ ಮಾಸಲು ಬಣ್ಣ ಆಗಷ್ಟೇ ಕೂರುತ್ತಿತ್ತು. ಆ ಸಂಜೆ ನನಗಾದ ಸಂತೋಷವನ್ನು ಹೇಗೆ ಹೇಳಲಿ! ನಾನು ಬರೆದ ಒಂದು ಸಾಲಿಗೆ ಇಡೀ ಆಕಾಶ ತಿರುಗಿತ್ತು.

ಮುಂದಿನದು ಸ್ಥಳ. ಮಂಡ್ಯದ ರೇಖಾಂಶ ಸುಮಾರು 76.9, ಅಕ್ಷಾಂಶ 12.5. ನಾವು ಮಾತಿನಲ್ಲಿ ಯಾವಾಗಲೂ ಅಕ್ಷಾಂಶ, ರೇಖಾಂಶ ಎನ್ನುತ್ತೇವೆ. ಶಾಲೆಯ ಭೂಪಟದ ಪಾಠವೂ ಆ ಕ್ರಮದಲ್ಲಿಯೇ. ನಾನು ಹಾಗೆಯೇ ಬರೆದೆ. ರಾತ್ರಿ ಹತ್ತರ ಗ್ರಹಣಕ್ಕೆ ಪರದೆಯ ಮೇಲೆ ಸೂರ್ಯ ಹೊಳೆಯುತ್ತಿದ್ದ, ಚಂದ್ರ ಎಲ್ಲಿಯೂ ಇರಲಿಲ್ಲ. ಈ ಆದೇಶ ಮೊದಲು ಕೇಳುವುದು ರೇಖಾಂಶವನ್ನು, ಆಮೇಲೆ ಅಕ್ಷಾಂಶವನ್ನು. ನಾನು ಮಂಡ್ಯವನ್ನು ಕೊಂಡೊಯ್ದು ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಉತ್ತರ ಧ್ರುವದ ಸಮುದ್ರದಲ್ಲಿ ಇಟ್ಟಿದ್ದೆ. ಸೆಪ್ಟೆಂಬರ್ ಮೊದಲ ವಾರದಲ್ಲಿ, ನಮ್ಮ ಗಡಿಯಾರದ ಆ ಹೊತ್ತಿಗೆ, ಅಲ್ಲಿ ಸೂರ್ಯ ಇನ್ನೂ ಮುಳುಗಿರುವುದಿಲ್ಲ. ಎರಡು ಅಂಕಿಗಳನ್ನು ಅದಲುಬದಲು ಮಾಡಿದೆ. ಕಬ್ಬಿನ ಸೀಮೆಯ ಆಕಾಶ ಮರಳಿ ಬಂತು.

ಇಲ್ಲಿಂದ ಮುಂದೆ ನಿಜವಾದ ಕೆಲಸ ಶುರುವಾಯಿತು: ಅವಧಿಗಳನ್ನು ತೋರಿಸುವುದು.

ಅವಧಿಗಳಿಗೆ ಹೆಸರೇನು ಇಡಬೇಕು? ಇಂಗ್ಲಿಷ್ ಪಟ್ಟಿಗಳಲ್ಲಿ ಪಾರ್ಶ್ವ ಹಂತದ ಆರಂಭ, ಪೂರ್ಣ ಹಂತದ ಆರಂಭ ಎಂಬ ಅರ್ಥದ ಉದ್ದನೆಯ ಸಾಲುಗಳಿದ್ದವು. ನಾನು ಅವುಗಳನ್ನೇ ಅನುವಾದ ಮಾಡುತ್ತ ಕುಳಿತಿದ್ದೆ. ಹಿಂದಿನಿಂದ ಬಂದ ಅಮ್ಮ ಪರದೆ ನೋಡಿ, “ಅದಕ್ಕೆ ಇಷ್ಟುದ್ದ ಏಕೆ ಬರೆಯುತ್ತೀಯಪ್ಪ? ಸ್ಪರ್ಶ, ನಿಮೀಲನ, ಮಧ್ಯ, ಉನ್ಮೀಲನ, ಮೋಕ್ಷ. ಪಂಚಾಂಗದಲ್ಲಿ ಇರುವುದೇ ಹಾಗೆ” ಎಂದು ದೇವರ ಮನೆಯಿಂದ ಪಂಚಾಂಗವನ್ನು ತಂದು ಮೇಜಿನ ಮೇಲಿಟ್ಟರು.

ಐದು ಪದಗಳು. ನೆರಳು ಮುಟ್ಟುವುದು ಸ್ಪರ್ಶ. ಚಂದ್ರ ಪೂರ್ತಿಯಾಗಿ ನೆರಳಿನೊಳಗೆ ಕಣ್ಣು ಮುಚ್ಚುವುದು ನಿಮೀಲನ. ಅಂಚಿನಲ್ಲಿ ಮತ್ತೆ ಬೆಳಕು ಕಾಣುವುದು ಉನ್ಮೀಲನ, ಕಣ್ಣು ತೆರೆಯುವುದು. ಕಡೆಗೆ ಬಿಡುಗಡೆ, ಮೋಕ್ಷ. ಮುಟ್ಟುವುದು, ಮುಚ್ಚುವುದು, ತೆರೆಯುವುದು, ಬಿಡುವುದು. ನೋಡುವವನಿಗೆ ಏನನ್ನು ನೋಡಬೇಕೆಂದು ಹೇಳಿಕೊಡುವ ಹೆಸರುಗಳು ಇವು. ಗ್ರಹಣವೆಂದರೆ ಭೂಮಿಯ ನೆರಳು ಚಂದ್ರನನ್ನು ಮುಚ್ಚುವುದು ಎಂದು ಆರ್ಯಭಟ ಬರೆದ ನಾಡಿನಲ್ಲಿ ಈ ಪದಗಳು ಇನ್ನೂ ಮನೆಮನೆಯ ಪುಸ್ತಕದಲ್ಲಿ ಬದುಕಿವೆ. ಅವುಗಳನ್ನು ಪಕ್ಕಕ್ಕಿಟ್ಟು ಬೇರೆ ಹೆಸರು ಹುಡುಕುವುದು ನನಗೆ ಸರಿ ಎನಿಸಲಿಲ್ಲ.

“ವೇಧ ಕಾಲವನ್ನೂ ತೋರಿಸುತ್ತೀಯಾ? ಗ್ರಹಣಕ್ಕೆ ಮೂರು ಯಾಮ ಮೊದಲು” ಎಂದು ಅಮ್ಮ ಕೇಳಿದರು. ಮೂರು ಯಾಮವೆಂದರೆ ಒಂಬತ್ತು ಗಂಟೆ, ಮಧ್ಯಾಹ್ನ 12.57ರಿಂದ. ಅಮ್ಮ ಆ ದಿನ ಅಷ್ಟರೊಳಗೆ ಊಟ ಮುಗಿಸುವವರು, ಉಪ್ಪಿನಕಾಯಿ ಜಾಡಿಯ ಮೇಲೆ ದರ್ಭೆ ಇಡುವವರು. ಆ ಕ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಈ ಪರದೆಯ ಮೇಲೆ ಕಣ್ಣಿಗೆ ಕಾಣುವುದನ್ನು ಮಾತ್ರ ಬರೆಯುತ್ತೇನೆ, ವೇಧದ ಹೊತ್ತಿಗೆ ಚಂದ್ರ ಇನ್ನೂ ಹುಟ್ಟಿಯೇ ಇರುವುದಿಲ್ಲ ಎಂದು ಹೇಳಿದೆ. ಅಮ್ಮ ಒಪ್ಪಿದರು.

ಪರದೆಯ ಮೇಲೆ ಅಕ್ಷರ ಬರೆಯುವ ಆದೇಶದ ಹೆಸರು ಲೇಬಲ್‌ಸ್ಕ್ರೀನ್. ಯಾವ ಪದ, ಎಡದಿಂದ ಎಷ್ಟು ಚುಕ್ಕೆ, ಮೇಲಿನಿಂದ ಎಷ್ಟು ಚುಕ್ಕೆ, ಈಗಲೇ ಕಾಣಬೇಕೋ ಬೇಡವೋ, ಅಕ್ಷರದ ಗಾತ್ರ, ಬಣ್ಣ ಎಂದು ಕ್ರಮವಾಗಿ ಕೊಡಬೇಕು. ಅದು ಆ ಬರಹಕ್ಕೆ ಒಂದು ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಬೇಕೆಂದಾಗ ತೋರಿಸಬಹುದು, ಅಡಗಿಸಬಹುದು. ನಾನು ಪ್ರತಿಯೊಂದು ಪದವನ್ನೂ ಒಂದೇ ಜಾಗದಲ್ಲಿ ಎರಡು ಸಲ ಬರೆದೆ, ಒಮ್ಮೆ ಮಾಸಲು ಬೂದು ಬಣ್ಣದಲ್ಲಿ, ಒಮ್ಮೆ ಹಳದಿಯಲ್ಲಿ. ಆರಂಭದಲ್ಲಿ ಐದೂ ಬೂದು. ಸಮಯ ಬಂದಾಗ ಬೂದು ಅಡಗಿ ಹಳದಿ ಕಾಣಬೇಕು. ಹೀಗೆ ಇಡೀ ರಾತ್ರಿಯ ಪಟ್ಟಿ ಕಣ್ಣ ಮುಂದಿರುತ್ತದೆ, ಈಗ ಎಲ್ಲಿದ್ದೇವೆ ಎಂಬುದೂ ತಿಳಿಯುತ್ತದೆ.

ಆಕಾಶ ಓಡುವ ವೇಗಕ್ಕೆ ಇನ್ನೊಂದು ಆದೇಶವಿದೆ. ಅದಕ್ಕೆ 300 ಎಂದು ಕೊಟ್ಟರೆ ನಮ್ಮ ಒಂದು ಸೆಕೆಂಡಿಗೆ ಅಲ್ಲಿ ಐದು ನಿಮಿಷ ಕಳೆಯುತ್ತದೆ. ಸುಮಾರು ಮೂರೂವರೆ ಗಂಟೆಯ ಗ್ರಹಣ ನಲವತ್ತೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಎರಡು ಪದಗಳ ನಡುವೆ ಎಷ್ಟು ಕಾಯಬೇಕೆಂದು ನಾನು ಲೆಕ್ಕ ಹಾಕಿದೆ: ಸ್ಪರ್ಶದಿಂದ ನಿಮೀಲನಕ್ಕೆ 64 ನಿಮಿಷ, ಅಂದರೆ 12.8 ಸೆಕೆಂಡು. ‘ವೇಟ್’ ಎಂಬ ಆದೇಶಕ್ಕೆ ಆ ಅಂಕಿ ಕೊಟ್ಟೆ. ಸೊಗಸಾಗಿ ನಡೆಯಿತು.

ಶನಿವಾರ ಅಕ್ಕನ ಮಗಳು ಮೈಸೂರಿಗೆ ಬಂದಳು. ಒಂಬತ್ತನೆಯ ತರಗತಿ. ನನ್ನ ಪಕ್ಕ ಕುಳಿತು ನೋಡುತ್ತಿದ್ದವಳು ಎಲ್ ಅಕ್ಷರದ ಗುಂಡಿಯನ್ನು ಒತ್ತಿದಳು. ಆಕಾಶ ಇನ್ನೂ ವೇಗವಾಗಿ ಓಡಿತು, ಚಂದ್ರ ನೆರಳಿನಿಂದ ಹೊರಗೆ ಬಂದುಬಿಟ್ಟ. ಪಟ್ಟಿಯಲ್ಲಿ ಮಾತ್ರ ‘ನಿಮೀಲನ’ ಹಳದಿಯಾಗಿ ಉಳಿದಿತ್ತು.

“ಮಾವ, ನಿಮ್ಮ ಪದಗಳು ಚಂದ್ರನನ್ನು ನೋಡುತ್ತಿಲ್ಲ” ಎಂದಳು.

ನಿಜವಾಗಿಯೂ ಅದೇ ಸಂಗತಿ. ವೇಟ್ ಎಣಿಸುವುದು ನಮ್ಮ ಗೋಡೆಯ ಗಡಿಯಾರದ ಸೆಕೆಂಡುಗಳನ್ನು. ಆಕಾಶದ ವೇಗ ಬದಲಾದರೆ ಅದಕ್ಕೆ ತಿಳಿಯುವುದಿಲ್ಲ. ಹಲಗೆಯ ಮೇಲಿನ ಅಂಕಿಯನ್ನೇ ನಾನು ಪರದೆಯ ಮೇಲೆ ಮತ್ತೆ ಬರೆದಿದ್ದೆ. ಹುಡುಕಿದಾಗ ವೇಟ್‌ಫಾರ್ ಎಂಬ ಇನ್ನೊಂದು ಆದೇಶ ಸಿಕ್ಕಿತು. ಅದಕ್ಕೆ ಸೆಕೆಂಡು ಬೇಡ, ದಿನಾಂಕ ಮತ್ತು ವೇಳೆ ಬೇಕು. ಪರದೆಯ ಆಕಾಶದಲ್ಲಿ ಆ ವೇಳೆ ಬರುವವರೆಗೆ ಅದು ಕಾಯುತ್ತದೆ. ವೇಟ್ ಇದ್ದಲ್ಲೆಲ್ಲ ಅದನ್ನು ಹಾಕಿದೆವು. ಸ್ಪರ್ಶ 21:57, ನಿಮೀಲನ 23:01, ಮಧ್ಯ 23:42, ಉನ್ಮೀಲನ 00:23, ಮೋಕ್ಷ 01:26. ಓಡಿಸಿದೆವು. ಮಧ್ಯದವರೆಗೆ ಸರಿಯಾಗಿ ಬಂತು. ಆಮೇಲೆ ಮಧ್ಯ, ಉನ್ಮೀಲನ, ಮೋಕ್ಷ ಮೂರೂ ಒಂದೇ ಸಲ ಬೆಳಗಿ ನಿಂತವು. ಚಂದ್ರ ಮಾತ್ರ ಇನ್ನೂ ತಾಮ್ರದ ಬಣ್ಣದಲ್ಲಿ ನೆರಳಿನ ನಡುವೆಯೇ ಇದ್ದ.

ಎಲ್ಲ ಸಾಲಿನಲ್ಲಿಯೂ ನಾನು ದಿನಾಂಕ 7 ಎಂದೇ ಬರೆದಿದ್ದೆ. 7ನೆಯ ತಾರೀಖಿನ 00:23 ಎಂದರೆ ತಂತ್ರಾಂಶಕ್ಕೆ ಸುಮಾರು ಒಂದು ದಿನ ಹಿಂದೆ ಕಳೆದುಹೋದ ಕ್ಷಣ. ಕಳೆದುಹೋದುದಕ್ಕೆ ವೇಟ್‌ಫಾರ್ ಕಾಯುವುದಿಲ್ಲ, ಮುಂದಿನ ಸಾಲಿಗೆ ನಡೆದುಬಿಡುತ್ತದೆ. 2023ರಲ್ಲಿ ಆ ಮಕ್ಕಳನ್ನು ಒಂದು ರಾತ್ರಿ ಮೊದಲೇ ಎಬ್ಬಿಸಿ ಕೂರಿಸಿದ ಗೊಂದಲ ಇದೇ. ಅಂಥದ್ದನ್ನು ನಿವಾರಿಸಲು ಹೊರಟ ನಾನು ಅದನ್ನೇ ಬರೆದಿದ್ದೆ. ಇಬ್ಬರೂ ಬಹಳ ಹೊತ್ತು ಆ ಮೂರು ಹಳದಿ ಪದಗಳನ್ನು ನೋಡುತ್ತ ಕುಳಿತೆವು.

8 ಎಂದು ತಿದ್ದಿದ್ದರೆ ಸಾಕಿತ್ತು. ಆದರೆ ಇನ್ನೊಮ್ಮೆ ಯಾರಾದರೂ ಬರೆಯುವಾಗ ಮತ್ತೆ ಇದೇ ಆಗುತ್ತದೆ ಎನಿಸಿತು. ಆದ್ದರಿಂದ ಎಲ್ಲ ವೇಳೆಗಳಿಂದ ಐದೂವರೆ ಗಂಟೆ ಕಳೆದು ಯುಟಿಸಿಯಲ್ಲಿಯೇ ಬರೆದೆ: 16:27, 17:31, 18:12, 18:53, 19:56. ಐದೂ 7ನೆಯ ತಾರೀಖಿನೊಳಗೆ ಬಂದವು! ಅಲ್ಲಿ ದಿನ ತಿರುಗುವುದು ನಮ್ಮ ಬೆಳಗಿನ 5.30ಕ್ಕೆ. ಹೆಚ್ಚು ಕಡಿಮೆ ನಮ್ಮ ಪಂಚಾಂಗದ ದಿನ ಹುಟ್ಟುವ ಹೊತ್ತು. ನಮ್ಮ ನಾಡಿನ ಒಂದು ಇಡೀ ರಾತ್ರಿ ಜಾಗತಿಕ ಸಮಯದಲ್ಲಿ ತುಂಡಾಗದೆ ಒಂದೇ ದಿನಾಂಕದಲ್ಲಿ ಕೂರುತ್ತದೆ ಎಂಬುದನ್ನು ಅಲ್ಲಿಯವರೆಗೆ ನಾನು ಗಮನಿಸಿಯೇ ಇರಲಿಲ್ಲ. ಜನರಿಗೆ ಕಾಣುವ ಪದಗಳ ಪಕ್ಕದಲ್ಲಿ ನಮ್ಮ ವೇಳೆಯನ್ನೇ ಬರೆದೆವು, ಯಂತ್ರಕ್ಕೆ ಮಾತ್ರ ಯುಟಿಸಿ.

ಎರಡು ಕಡತಗಳನ್ನು ಸಿದ್ಧಪಡಿಸಿದೆವು. ಒಂದು 300ರ ವೇಗದ್ದು, ಸಂಜೆ ಮಕ್ಕಳಿಗೆ ಪಾಠ ಹೇಳಲು. ಇನ್ನೊಂದು ಒಂದರ ವೇಗದ್ದು, ದಿನಾಂಕವನ್ನು ಕೂರಿಸದೆ ಗಣಕದ ಗಡಿಯಾರವನ್ನೇ ಅನುಸರಿಸುವಂಥದ್ದು, ರಾತ್ರಿಯಿಡೀ ನಿಜವಾದ ಗ್ರಹಣದ ಜೊತೆಗೆ ನಡೆಯಲು.

ಭಾನುವಾರ ಮಧ್ಯಾಹ್ನವೇ ಶಾಲೆಗೆ ಹೋದೆವು. ಅಲ್ಲಿನ ಲ್ಯಾಪ್‌ಟಾಪ್‌ನಲ್ಲಿ ಕನ್ನಡದ ಫಾಂಟ್ ಇರಲಿಲ್ಲ, ಐದು ಪದಗಳ ಜಾಗದಲ್ಲಿ ಚೌಕಗಳ ಸಾಲು ಬಂತು. ಪೆನ್‌ಡ್ರೈವ್‌ನಿಂದ ಫಾಂಟ್ ಹಾಕಿ, ‘ಸ್ಪರ್ಶ’ದ ಅರ್ಕಾವತ್ತು ಸರಿಯಾಗಿ ಕೂತಿದೆಯೇ ಎಂದು ನೋಡಿದೆವು. ಪ್ರೊಜೆಕ್ಟರ್‌ಗೆ ಜೋಡಿಸಿದಾಗ ಪದಗಳೇ ಕಾಣಲಿಲ್ಲ. ನನ್ನ ಗಣಕದ ಪರದೆ 1366 ಚುಕ್ಕೆ ಅಗಲ, ನಾನು ಪದಗಳನ್ನು 1050ರಲ್ಲಿ ಇಟ್ಟಿದ್ದೆ. ಪ್ರೊಜೆಕ್ಟರ್ 1024ಕ್ಕೇ ಮುಗಿಯುತ್ತಿತ್ತು. ಪರದೆಯ ಅಗಲವನ್ನು ತಂತ್ರಾಂಶದಿಂದಲೇ ಕೇಳಿ, ಅದರಿಂದ 320 ಕಳೆದು ಬರೆಯುವಂತೆ ಅಕ್ಕನ ಮಗಳು ಬದಲಾಯಿಸಿದಳು. ಲ್ಯಾಪ್‌ಟಾಪ್‌ನ ಗಡಿಯಾರ ನಾಲ್ಕು ನಿಮಿಷ ಹಿಂದಿತ್ತು. ಮೊಬೈಲ್ ನೋಡಿ ಅದನ್ನೂ ಸರಿಪಡಿಸಿದೆವು. ಅದನ್ನು ಬಿಟ್ಟಿದ್ದರೆ ಉಳಿದ ಎಲ್ಲ ಶ್ರಮವೂ ನೀರಿನಲ್ಲಿ ಹೋಗುತ್ತಿತ್ತು.

ಸಂಜೆ ಊರಿನ ದೇವಸ್ಥಾನದ ಬಾಗಿಲು ಬೇಗ ಹಾಕಿತ್ತು. ಏಳೂವರೆಗೆ ಮಕ್ಕಳು ಬಂದರು, ಅವರ ಹಿಂದೆ ಅಪ್ಪ ಅಮ್ಮಂದಿರು, ನಾನು ಎಣಿಸಿರದಷ್ಟು ಅಜ್ಜ ಅಜ್ಜಿಯರು. ವೇಗದ ಕಡತವನ್ನು ಮೂರು ಸಲ ಓಡಿಸಿದೆವು. ಭೂಮಿಯ ನೆರಳಿನ ವೃತ್ತವನ್ನು ತೋರಿಸುವ ಆಯ್ಕೆಯನ್ನೂ ಹಾಕಿದ್ದೆ. ಚಂದ್ರನ ಎರಡೂವರೆ ಪಟ್ಟಿಗಿಂತ ದೊಡ್ಡದಾದ ಆ ವೃತ್ತದೊಳಗೆ ಚಂದ್ರ ನುಸುಳಿ ಹೋಗುವುದನ್ನು ಕಂಡು ಮುಂದಿನ ಸಾಲಿನ ಹುಡುಗರು ಎದ್ದು ನಿಂತರು. “ನೆರಳು ಬರುವುದಿಲ್ಲ, ಚಂದ್ರನೇ ನೆರಳಿಗೆ ಹೋಗುತ್ತಾನೆ” ಎಂದು ಒಬ್ಬ ಕೂಗಿದ. ನಾನು ಹೇಳಬೇಕೆಂದಿದ್ದ ಮಾತನ್ನು ಅವನು ನೋಡಿಯೇ ಕಂಡುಕೊಂಡಿದ್ದ.

9.57ಕ್ಕೆ ಸರಿಯಾಗಿ ಪರದೆಯ ಮೇಲೆ ‘ಸ್ಪರ್ಶ’ ಹಳದಿಯಾಯಿತು. ಎಲ್ಲರೂ ಅಂಗಳಕ್ಕೆ ಓಡಿದರು. ಮೋಡಗಳು ಬಂದು ಹೋಗುತ್ತಿದ್ದವು. ಒಂದು ಬಿಡುವಿನಲ್ಲಿ ಚಂದ್ರ ಕಂಡ, ಕೆಳಗೆ ಎಡಕ್ಕೆ ಶನಿಗ್ರಹ. ಆದರೆ ಬರಿಗಣ್ಣಿಗೆ ಕಚ್ಚಿದ ಗುರುತು ಇರಲಿಲ್ಲ. ಭೂಮಿಯ ನೆರಳಿಗೆ ಕತ್ತಿಯ ಅಂಚಿಲ್ಲ, ಹೊಗೆಯಂಥ ಅಂಚು. ಮೊದಲ ಕೆಲವು ನಿಮಿಷ ಅದು ಬರೀ ಮಬ್ಬು. ಹತ್ತು ಗಂಟೆ ದಾಟಿದ ಮೇಲೆ ಎಡಭಾಗ ನಿಜವಾಗಿ ತಿಂದಂತೆ ಕಾಣತೊಡಗಿತು. ಪಟ್ಟಿಯ ವೇಳೆಗೂ ಕಣ್ಣಿನ ವೇಳೆಗೂ ಇರುವ ಈ ಅಂತರವನ್ನು ಮಕ್ಕಳು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಹತ್ತು ಮುಕ್ಕಾಲಿಗೆ ವಿದ್ಯುತ್ ಹೋಯಿತು. ಪ್ರೊಜೆಕ್ಟರ್ ಆರಿತು, ಹಳೆಯ ಲ್ಯಾಪ್‌ಟಾಪ್ ಕೂಡ ಸ್ವಲ್ಪ ಹೊತ್ತಿನಲ್ಲಿ ಆರಿತು. ಬೀದಿ ದೀಪಗಳೂ ಇಲ್ಲದ ಆ ಕತ್ತಲೆಯಲ್ಲಿ ಚಂದ್ರನ ಕೊನೆಯ ಬಿಳಿ ಗೆರೆ ಸಣ್ಣದಾಗುತ್ತ ಹೋಗಿ ಮುಚ್ಚಿಕೊಂಡಿತು. “ನಿಮೀಲನ” ಎಂದು ಯಾರೋ ಅಜ್ಜಿ ಮೆಲ್ಲಗೆ ಹೇಳಿದರು. ಇಡೀ ಅಂಗಳ ಮಾತಿಲ್ಲದೆ ನಿಂತಿತ್ತು. ಮಾಸಿದ ಇಟ್ಟಿಗೆಯ ಬಣ್ಣದ ಚಂದ್ರ, ಸುತ್ತಲೂ ಅಷ್ಟು ಹೊತ್ತು ಕಾಣದಿದ್ದ ನಕ್ಷತ್ರಗಳು.

11.20ಕ್ಕೆ ವಿದ್ಯುತ್ ಬಂತು. ಲ್ಯಾಪ್‌ಟಾಪ್ ಮತ್ತೆ ತೆರೆದು ಕಡತವನ್ನು ಮೊದಲಿನಿಂದ ಓಡಿಸಬೇಕಾಯಿತು. ಆಗಲೇ ಕಳೆದುಹೋದ ಅವಧಿಗಳ ಗತಿಯೇನು ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅಕ್ಕನ ಮಗಳು ಗುಂಡಿ ಒತ್ತಿದಳು. ಸ್ಪರ್ಶ, ನಿಮೀಲನ ಎರಡೂ ಕ್ಷಣದಲ್ಲಿ ಬೆಳಗಿದವು, ‘ಮಧ್ಯ’ ಬೂದು ಬಣ್ಣದಲ್ಲಿ ಕಾಯುತ್ತ ನಿಂತಿತು. ಕಳೆದುದಕ್ಕೆ ಕಾಯದೆ ಮುಂದೆ ನಡೆಯುವ ಗುಣ ಅಂದು ಮೈಸೂರಿನಲ್ಲಿ ನಮ್ಮನ್ನು ಕಾಡಿತ್ತು, ಇಲ್ಲಿ ಅದೇ ಗುಣ ಆಕಾಶದ ಜೊತೆ ನಮ್ಮನ್ನು ಮತ್ತೆ ಸೇರಿಸಿತು. “ಮಾವ, ಈಗ ಪದಗಳು ಚಂದ್ರನನ್ನು ನೋಡುತ್ತಿವೆ” ಎಂದಳು.

ಪೂರ್ಣ ಗ್ರಹಣ 82 ನಿಮಿಷ. ಚಂದ್ರ ಏರಿ ಏರಿ ದಕ್ಷಿಣದಲ್ಲಿ ನೆತ್ತಿಯ ಹತ್ತಿರಕ್ಕೆ ಬಂದಿದ್ದ. ಕುತ್ತಿಗೆ ನೋಯುತ್ತದೆಂದು ಜನ ಚಾಪೆ ಹಾಸಿ ಮಲಗಿ ನೋಡಿದರು. 12.23ಕ್ಕೆ, ಆ ರಾತ್ರಿಯ ತನ್ನ ಅತಿ ಎತ್ತರದಲ್ಲಿ ಹೆಚ್ಚು ಕಡಿಮೆ ನಿಂತಿರುವಾಗಲೇ, ಎಡ ಅಂಚಿನಲ್ಲಿ ಬೆಳಕಿನ ಒಂದು ಹನಿ ಮೂಡಿತು. ಒಳಗೆ ಪರದೆಯ ಬಳಿ ಕುಳಿತಿದ್ದ ಹುಡುಗ “ಉನ್ಮೀಲನ” ಎಂದು ಕೂಗುವುದಕ್ಕೂ ಹೊರಗಿನವರು ಕೈ ಎತ್ತಿ ತೋರಿಸುವುದಕ್ಕೂ ಹೊಂದಿಕೆಯಾಯಿತು. ಮೋಕ್ಷದವರೆಗೆ ಉಳಿದವರು ಇಪ್ಪತ್ತು ಜನ.

ಆ ಕಡತಗಳು ಈಗ ಶಾಲೆಯ ಲ್ಯಾಪ್‌ಟಾಪ್‌ನಲ್ಲಿಯೇ ಇವೆ. 2026ರ ಫೆಬ್ರವರಿಯಲ್ಲಿ ಅಕ್ಕನ ಮಗಳು ಫೋನ್ ಮಾಡಿದಳು. ಮಾರ್ಚ್ 3ರ ಹುಣ್ಣಿಮೆಯ ಗ್ರಹಣಕ್ಕೆ ತಾನೇ ವೇಳೆಗಳನ್ನು ಬದಲಾಯಿಸಿ ಓಡಿಸಿದ್ದಳು. ಸ್ಪರ್ಶ ಮಧ್ಯಾಹ್ನ 3.20, ಮೋಕ್ಷ ಸಂಜೆ 6.47.

“ಮಾವ, ನಾಲ್ಕು ಪದಗಳು ಚಂದ್ರ ಹುಟ್ಟುವ ಮೊದಲೇ ಹಳದಿಯಾಗಿಬಿಡುತ್ತವೆ. ಆಗ ಇಲ್ಲಿ ಇನ್ನೂ ಬಿಸಿಲು. ಚಂದ್ರ ಹುಟ್ಟುವುದು ಆರೂವರೆಗೆ. ನಮಗೆ ಸಿಗುವುದು ಕಾಲು ಗಂಟೆ ಮಾತ್ರ.”

ಶಾಲೆಯ ಅಂಗಳದಿಂದ ಪೂರ್ವಕ್ಕೆ ತೆಂಗಿನ ತೋಟ ಅಡ್ಡ ಬರುತ್ತದಲ್ಲ ಎಂದೆ. ಅವಳು ಅದನ್ನೂ ಯೋಚಿಸಿದ್ದಳು. ಪಟ್ಟಿಗೆ ಆರನೆಯ ಸಾಲೊಂದನ್ನು ಸೇರಿಸಿ, ವೇಟ್‌ಫಾರ್‌ಗೆ 13:01 ಎಂದು ಕೊಟ್ಟು, ಪರದೆಗೆ ಹೀಗೆ ಬರೆದಿದ್ದಳು: ‘ಚಂದ್ರೋದಯ 6.31, ನಾಲೆಯ ಏರಿಯ ಮೇಲೆ ನಿಲ್ಲಬೇಕು’.